ಬೂದಿದಿಬ್ಬದಿಂದ ಮೇಗುತಿಯವರೆಗೆ

ಶಾಲೆಯಲ್ಲಿ ನಾವು ಕಲಿತ ಪ್ರಾಚೀನ ಕರ್ನಾಟಕದ ಇತಿಹಾಸ ಗೂಡ್ಸ್ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಬರುತ್ತಿತ್ತು. ಶಿಲಾಯುಗ ಹೋಯಿತು, ಮೌರ್ಯರು ಬಂದರು. ಮೌರ್ಯರು ಹೋದರು, ಶಾತವಾಹನರು ಬಂದರು. ಆಮೇಲೆ ಕದಂಬರು, ಚಾಲುಕ್ಯರು. ಒಬ್ಬರು ಬಂದಾಗ ಅದುವರೆಗೆ ಅಲ್ಲಿದ್ದವರು ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಳೆದ ನವೆಂಬರ್ ಕೊನೆಯಲ್ಲಿ ಭೂಗರ್ಭಶಾಸ್ತ್ರ ಓದಿದ ಗೆಳೆಯನೊಬ್ಬ ಐದು ದಿನ ಬಿಡುವಾಗಿದ್ದೇನೆ, ಕಾರೂ ಇದೆ ಎಂದಾಗ, ತುಂಗಭದ್ರೆಯಿಂದ ಭೀಮೆಯವರೆಗೆ, ಅಲ್ಲಿಂದ ಮಲಪ್ರಭೆಯವರೆಗೆ ಆ ಪ್ರಶ್ನೆಯನ್ನೇ ಹಿಡಿದು ಓಡಾಡಿ ಬರೋಣವೆಂದು ಹೊರಟೆವು.

ಮೊದಲನೆಯ ದಿನ: ಸಂಗನಕಲ್ಲು, ಕುಡತಿನಿ

ಬೆಳಿಗ್ಗೆ ಬಳ್ಳಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಅದರ ಮೇಲೆ ಬಿಸಿ ಮಿರ್ಚಿ. ಹೊಟ್ಟೆ ಗಟ್ಟಿಮಾಡಿಕೊಂಡು ಊರ ಹೊರವಲಯದ ಸಂಗನಕಲ್ಲಿಗೆ ಹೋದಾಗ ಇನ್ನೂ ಬಿಸಿಲು ಏರಿರಲಿಲ್ಲ. ನೋಡಿದರೆ ಬಳ್ಳಾರಿ ಸೀಮೆಯ ಯಾವುದೇ ಬಂಡೆಗುಡ್ಡದಂತೆಯೇ ಇರುವ ಗುಡ್ಡಗಳು. ಆದರೆ ಬೂದುಬಣ್ಣದ ಗ್ರಾನೈಟಿನ ನಡುವೆ ಒಂದು ಕಪ್ಪು ಪಟ್ಟಿ ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಗೆಳೆಯ ಅದನ್ನು ಕಂಡೊಡನೆ ಮಗುವಿನಂತೆ ಓಡಿದ. ಡಾಲರೈಟ್ ಎಂಬ ಗಟ್ಟಿಕಲ್ಲು ಅದು. ನಾಲ್ಕು ಸಾವಿರ ವರ್ಷಗಳ ಆಚೀಚೆ ಇಲ್ಲಿ ನೆಲೆಸಿದ್ದ ಜನ ಈ ಪಟ್ಟಿಯನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳು ಕಲ್ಲುಕೊಡಲಿ ತಯಾರಿಕೆಯ ದೊಡ್ಡ ಜಾಗವೆಂದು ಗುರುತಿಸಿದ್ದರು. ಒಡೆದ ಚಕ್ಕೆಗಳು ಇಂದಿಗೂ ಕಾಲಡಿ ಸಿಗುತ್ತವೆ, ಒಂದನ್ನೂ ಜೇಬಿಗೆ ಹಾಕಬಾರದು ಎಂಬುದಷ್ಟೇ ಕಷ್ಟ.

ಅದೇ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲಿರುವ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಬಿಸಿಲು ನೆತ್ತಿಗೇರಿದರೆ ಅವು ಕಣ್ಣಿಗೆ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲೇ ಹೋಗಬೇಕು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ನಾವು ತಟ್ಟುತ್ತಿರುವ ಸದ್ದು ಕೇಳಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೆಳಗಿನಿಂದಲೇ, "ಯಾವ ಇಲಾಖಿಯವರ್ರೀ? ಕ್ವಾರಿ ಮಾಡಾಕ ಬಂದೀರೇನು?" ಎಂದು ಕೂಗಿದರು. ಅಲ್ಲ, ನೋಡಲು ಬಂದವರು ಎಂದಾಗ ಸಮಾಧಾನವಾಗಿ ಹತ್ತಿರ ಬಂದು, ಕಲ್ಲು ಒಡೆಯುವವರ ಕಾಟವನ್ನು ಅರ್ಧ ಗಂಟೆ ಹೇಳಿಕೊಂಡರು. ಹುರುಳಿ ಬೆಳೆಯುತ್ತೀರಾ ಎಂದು ಕೇಳಿದೆ. "ಈಗ ಯಾರ್ ಬೆಳೀತಾರ್ರೀ, ನಮ್ಮಪ್ಪ ಬೆಳೀತಿದ್ದ" ಎಂದರು. ನಾನು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಈ ಗುಡ್ಡಗಳ ಹಳೆಯ ಮಣ್ಣಿನಲ್ಲಿ ಕರಿಕಾದ ಹುರುಳಿ, ಹೆಸರು, ಕೊರಲೆಯಂಥ ಕಾಳುಗಳು ಸಿಕ್ಕಿವೆ. ರಾಜರ ಹೆಸರು ಒಂದೂ ಇಲ್ಲದ ಕಾಲದ್ದಾದರೂ ಅವರ ಊಟದ ಪಟ್ಟಿಯಲ್ಲಿ ನಮಗೆ ಗೊತ್ತಿಲ್ಲದ್ದೇನೂ ಇಲ್ಲ.

ಮಧ್ಯಾಹ್ನ ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬವನ್ನು ನೋಡಲು ಹೋಗಿ ಅದನ್ನು ದಾಟಿಯೇ ಬಿಟ್ಟೆವು. ಫಲಕ ಹುಡುಕುತ್ತ ಕುಳಿತರೆ ಹೀಗೇ ಆಗುತ್ತದೆ; ನೋಡಬೇಕಾದದ್ದು ಪೊದೆ ಬೆಳೆದ ಬೂದುಬಣ್ಣದ ಒಂದು ಗುಪ್ಪೆ. ಹಿಂದಿರುಗಿ ಬಂದು ದಾರಿ ಕೇಳಿದಾಗ ಚಹಾ ಅಂಗಡಿಯಾತ, "ರಾಕ್ಷಸನ್ನ ಸುಟ್ಟ ಬೂದಿ ಸರ ಅದು" ಎಂದ. ಹಂಪಿಯ ಬಳಿಯ ನಿಂಬಾಪುರದ ಇಂಥದೇ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ವಿದ್ವಾಂಸರೂ ಬಹುಕಾಲ ಇವುಗಳ ಬಗೆಗೆ ತಲೆ ಕೆಡಿಸಿಕೊಂಡಿದ್ದರು. ಜ್ವಾಲಾಮುಖಿ ಎಂದವರಿದ್ದರು, ಕಬ್ಬಿಣ ಕರಗಿಸಿದ ಕಿಟ್ಟ ಎಂದವರಿದ್ದರು. ಕೊನೆಗೆ ತಿಳಿದದ್ದು, ದನಗಳ ದೊಡ್ಡಿಯಲ್ಲಿ ವರ್ಷಗಟ್ಟಲೆ ಕೂಡಿದ ಸೆಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ರಾಶಿ ಎಂದು. ಕೆಲವೆಡೆ ತಾಪ ಎಷ್ಟು ಏರಿದೆಯೆಂದರೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಗೆಳೆಯ ಪದರಗಳನ್ನು ಬೆರಳಿನಿಂದ ತೋರಿಸುತ್ತ ನಿಂತಿದ್ದಾಗ ಲಾರಿಗಳು ಅದಿರಿನ ಕೆಂಪು ಧೂಳನ್ನು ನಮ್ಮ ಮೇಲೆ ಎರಚಿ ಹೋಗುತ್ತಿದ್ದವು.

ಎರಡನೆಯ ದಿನ: ಹಿರೇಬೆಣಕಲ್

ಗಂಗಾವತಿಯಲ್ಲಿ ರಾತ್ರಿ ತಂಗಿ, ನಸುಕಿನಲ್ಲೇ ಹಿರೇಬೆಣಕಲ್ಲಿಗೆ ಹೋದೆವು. ಎಡದಂಡೆ ಕಾಲುವೆಯ ನೀರಿನಿಂದ ಸುತ್ತಲೂ ಭತ್ತದ ಗದ್ದೆ. ಆ ಹಸಿರಿನ ಅಂಚಿನಲ್ಲಿ ಥಟ್ಟನೆ ಏಳುವ ಬಂಡೆಗಳ ಸಾಲು. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಹತ್ತಬಾರದು ಎಂದು ಎಲ್ಲರೂ ಹೇಳಿದ್ದರು, ಅದು ನಿಜ. ಬಂಡೆಗಳ ನಡುವೆ ದಾರಿ ಎರಡು ಮೂರು ಕಡೆ ಕವಲಾಗುತ್ತದೆ, ಕರಡಿ ಚಿರತೆಗಳ ಓಡಾಟವೂ ಇದೆ. ಕುರಿ ಕಾಯುವ ಒಬ್ಬ ತರುಣ ಬಂದ. ಅರ್ಧ ದಾರಿಯಲ್ಲಿ ನನ್ನ ಹೊಸ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಆತ ಒಂದೂ ಮಾತಾಡದೆ ತನ್ನ ಹೆಗಲ ಮೇಲಿನ ಹಗ್ಗದ ತುಂಡನ್ನು ಬಿಚ್ಚಿ ಬೂಟಿಗೆ ಸುತ್ತಿ ಗಂಟುಹಾಕಿದ. ಆ ಹಗ್ಗ ಐದನೆಯ ದಿನದವರೆಗೂ ಬಾಳಿತು.

ಮೇಲೆ ಹತ್ತಿ ಬಯಲಿಗೆ ಬಂದಾಗ ಕಂಡದ್ದನ್ನು ಊರೆಂದೇ ಕರೆಯಬೇಕು. ಕಲ್ಲಿನ ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಬಿಟ್ಟ ಗೋರಿಮನೆಗಳು ಬೀದಿಬೀದಿಯಾಗಿ ನಿಂತಿವೆ. ಸಣ್ಣವು ದೊಡ್ಡವು ಸೇರಿ ಸುಮಾರು ನಾನೂರು ಇವೆ. ಕೆಲವುಗಳೊಳಗೆ ಬಗ್ಗದೆ ನಿಲ್ಲಬಹುದು. ಕಬ್ಬಿಣದ ಬಳಕೆ ಬಲ್ಲ ಜನ ಕ್ರಿಸ್ತಪೂರ್ವದ ಕೊನೆಯ ಸಹಸ್ರಮಾನದಲ್ಲಿ ಸತ್ತವರಿಗಾಗಿ ಇಷ್ಟನ್ನೂ ಕಟ್ಟಿದರು. ಚಪ್ಪಡಿಗಳನ್ನು ಅಲ್ಲೇ ಬಂಡೆಯಿಂದ ಸೀಳಿದ್ದಾರೆ. ನಡುವೆ ನೀರು ನಿಂತ ಒಂದು ಹೊಂಡವಿದ್ದು, ಕುರಿಗಳು ಇಂದಿಗೂ ಅದರ ನೀರನ್ನೇ ಕುಡಿಯುತ್ತವೆ. ಮೂರು ಲೀಟರ್ ನೀರು ತಂದಿದ್ದ ನಾವು ಹತ್ತು ಗಂಟೆಗೆಲ್ಲ ಮುಗಿಸಿ ಆ ಹೊಂಡವನ್ನು ಆಸೆಯಿಂದ ನೋಡುತ್ತಿದ್ದೆವು.

"ಇವು ಮೋರೇರ ಮನಿ ಅಣ್ಣಾರ" ಎಂದ ತರುಣ. "ಮೋರೇರು ಅಂದ್ರ ಇಷ್ಟೇ ಇಷ್ಟು ಎತ್ತರದ ಮನಷ್ಯಾರು. ಬೆಂಕಿಮಳಿ ಬರತೈತಿ ಅಂತ ಗೊತ್ತಾಗಿ ಕಲ್ಲಿನ ಮನಿ ಕಟಗೊಂಡ್ರು. ಬೆಂಕಿಮಳಿ ಬಂತು, ಒಳಗ ಇದ್ದಲ್ಲೇ ಎಲ್ಲಾರೂ ಹೋಗಿಬಿಟ್ರು." ಕಿಂಡಿ ಏಕೆ ಅಷ್ಟು ಚಿಕ್ಕದು ಎಂಬುದಕ್ಕೂ, ಒಳಗೆ ಏಕೆ ಸಾವಿನ ಕುರುಹು ಎಂಬುದಕ್ಕೂ ಒಂದೇ ಕಥೆಯಲ್ಲಿ ಉತ್ತರವಿದೆ. ಅವನ ಹಿಂದೆ ನಡೆದು ಇನ್ನೊಂದು ಎತ್ತರದ ಬಂಡೆಯನ್ನು ಏರಿದರೆ ಅಲ್ಲಿ ನಗಾರಿ ಗುಂಡು. ಅರ್ಧ ಗೋಳದಂಥ ಭಾರೀ ಕಲ್ಲು. ಮರದ ಕೊರಡಿನಿಂದ ಹೊಡೆದರೆ ಕೆಳಗಿನ ಬಯಲಿಗೆಲ್ಲ ಕೇಳುವ ಸದ್ದು. ನಿನ್ನೆ ಸಂಗನಕಲ್ಲಿನಲ್ಲಿ ತಟ್ಟಿದ ಬಂಡೆಯೇ ನೆನಪಿಗೆ ಬಂತು. ದನ ಕಾಯುವವರು ಹುಡುಕಿಕೊಂಡ ನಾದವನ್ನು ಕಬ್ಬಿಣದವರೂ ಹುಡುಕಿಕೊಂಡಿದ್ದರು. ಇವರು ಅವರ ಮೊಮ್ಮಕ್ಕಳೋ ಹೊರಗಿನಿಂದ ಬಂದವರೋ ಎಂದು ಗೆಳೆಯನೊಡನೆ ಇಳಿಯುವ ದಾರಿಯುದ್ದಕ್ಕೂ ವಾದವಾಯಿತು. ಗೋರಿಯ ರೀತಿ ಬದಲಾದರೆ ಜನವೇ ಬದಲಾಗಬೇಕಿಲ್ಲ ಎಂಬ ನನ್ನ ಮಾತನ್ನು ಅವನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಮೂರನೆಯ ದಿನ: ಕೊಪ್ಪಳ, ಕನಕಗಿರಿ, ಮಸ್ಕಿ

ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಅಶೋಕನ ಶಾಸನವಿದೆ. ಪಾಲ್ಕಿಗುಂಡಿನಲ್ಲಿ, ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯಂತೆ ಕುಳಿತ ಹಾಸುಗಲ್ಲಿನ ಅಡಿಯಲ್ಲಿ ಮತ್ತೊಂದು. ಮೊದಲನೆಯದು ಚೆನ್ನಾಗಿ ಉಳಿದಿದೆ, ಎರಡನೆಯದಕ್ಕೆ ಹತ್ತುವ ದಾರಿಯೇ ಅದರ ಸೊಗಸು. ಒಂದೇ ಊರಿನಲ್ಲಿ ಎರಡು ಶಾಸನ ಬರೆಯಿಸಬೇಕಾದರೆ ಆಗಲೇ ಇಲ್ಲಿ ಓಡಾಡುವ ಜನ ಸಾಕಷ್ಟಿದ್ದಿರಬೇಕು. ಮುಂದೆ ಇದೇ ಊರು ಜೈನರ ದೊಡ್ಡ ತೀರ್ಥವಾಯಿತು, ಕವಿರಾಜಮಾರ್ಗ ಇದನ್ನು ಮಹಾಕೊಪಣ ನಗರ ಎಂದು ಕರೆಯಿತು, ಈಗ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಠದ ದಾಸೋಹದಲ್ಲಿ ಊಟ ಮಾಡಿ ಹೊರಟೆವು.

ಕನಕಗಿರಿಯಲ್ಲಿ ನಿಂತದ್ದು ಒಂದು ಹೆಸರಿಗಾಗಿ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ, ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲ ಎಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಆಜ್ಞೆ ಕಳಿಸಿದ್ದಾರೆ. ಆ ಸುವರ್ಣಗಿರಿ ಇದೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಟ್ಟಿಯ ಚಿನ್ನದ ಗಣಿ ಹೆಚ್ಚು ದೂರವಿಲ್ಲ. ಪಾಟಲಿಪುತ್ರದ ರಾಜನಿಗೆ ಈ ಒಣ ಸೀಮೆಯಲ್ಲಿ ಏನು ಕೆಲಸವಿತ್ತು ಎಂಬ ಪ್ರಶ್ನೆಗೆ ನೆಲದಡಿಯಲ್ಲೇ ಉತ್ತರವಿರಬಹುದು.

ಮಸ್ಕಿ ತಲುಪಿದಾಗ ಸಂಜೆ ನಾಲ್ಕು. ಗುಡ್ಡದ ಮಗ್ಗುಲಲ್ಲಿ ಕಬ್ಬಿಣದ ಬೇಲಿಯ ಒಳಗೆ ಬಂಡೆ. 1915ರಲ್ಲಿ ಇದನ್ನು ಕಂಡವನು ಚಿನ್ನ ಹುಡುಕುತ್ತ ಬಂದಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್. ಅದುವರೆಗೆ ದೇಶದುದ್ದಕ್ಕೂ ಸಿಕ್ಕ ಇಂಥ ಶಾಸನಗಳಲ್ಲಿ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂದಷ್ಟೇ ಇತ್ತು. ಈ ಬಂಡೆ 'ದೇವಾನಂಪಿಯಸ ಅಸೋಕಸ' ಎಂದು ಹೆಸರು ಹಿಡಿದು ಹೇಳಿತು. ಕಾಯುವವರು ಒಳಗೆ ಬಿಟ್ಟರು. ಬ್ರಾಹ್ಮಿ ಲಿಪಿಯ ನಾಲ್ಕಾರು ಅಕ್ಷರಗಳನ್ನು ಕಲಿತುಕೊಂಡು ಹೋಗಿದ್ದ ನಾನು ಎಂಟು ಗೆರೆಯ ಮೊಳೆಗಳಲ್ಲಿ ಆ ಹೆಸರನ್ನು ಹುಡುಕಿ ಬೆರಳು ತೋರಿಸಿದಾಗ ಅವರು ನಕ್ಕು, "ಎಲ್ಲಾರೂ ಅದನ್ನ ಹುಡುಕ್ತಾರ್ರಿ, ಉಳಿದದ್ದು ಯಾರೂ ಓದಂಗಿಲ್ಲ" ಎಂದರು.

ಉಳಿದದ್ದನ್ನು ಅನುವಾದದಲ್ಲಿ ಓದಿಕೊಂಡೆ. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಸಂಘದ ಸಮೀಪಕ್ಕೆ ಬಂದು ವರ್ಷ ಮೀರಿತು, ಇದು ದೊಡ್ಡವರಿಗೆ ಮಾತ್ರ ಎಟುಕುವಂಥದಲ್ಲ, ಸಣ್ಣವರೂ ಪಡೆಯಬಹುದು ಎಂಬುದು ಅದರ ಸಾರ. ಈ ಸೀಮೆಯನ್ನು ಗೆದ್ದೆ ಎಂದಾಗಲಿ, ಯಾರನ್ನು ಗೆದ್ದೆ ಎಂದಾಗಲಿ ಅದರಲ್ಲಿ ಒಂದು ಮಾತೂ ಇಲ್ಲ. ಬರೆದ ಭಾಷೆ ಪ್ರಾಕೃತ. ಹಿರೇಬೆಣಕಲ್ಲಿನಲ್ಲಿ ಚಪ್ಪಡಿ ಎಳೆದವರ ವಂಶದವರು ಯಾರಾದರೂ ಮಸ್ಕಿಯ ಈ ಬಂಡೆಯ ಮುಂದೆ ನಿಂತಿದ್ದರೆ, ಅಧಿಕಾರಿ ಓದಿ ಹೇಳಿದ ಮಾತು ಅವರ ಕಿವಿಗೆ ಹೇಗೆ ಬಿದ್ದಿದ್ದೀತು ಎಂದು ಲಿಂಗಸುಗೂರಿನ ಖಾನಾವಳಿಯಲ್ಲಿ ಪುಂಡಿಪಲ್ಯ, ಬಿಸಿ ರೊಟ್ಟಿ ತಿನ್ನುತ್ತಲೂ ಯೋಚಿಸುತ್ತಿದ್ದೆ.

ನಾಲ್ಕನೆಯ ದಿನ: ಸನ್ನತಿ, ಕನಗನಹಳ್ಳಿ

ರಾತ್ರಿ ಅಕಾಲದ ಮಳೆ. ಬೆಳಿಗ್ಗೆ ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುವಾಗ ಆಕಾಶ ತಿಳಿಯಾಗಿತ್ತು. ಸುರಪುರ ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲನ್ನು ಕಾರಿನಿಂದಲೇ ನೋಡಿ ಮುಂದೆ ಹೋದೆವು. ಭೀಮೆಯ ಕಡೆ ಸಾಗಿದಂತೆ ಬಂಡೆಗಳೆಲ್ಲ ಮಾಯವಾಗಿ ಎರೆನೆಲ ತೆರೆದುಕೊಳ್ಳುತ್ತದೆ. ಎರಡೂ ಬದಿ ಹಳದಿ ಹೂ ಬಿಟ್ಟ ತೊಗರಿ, ಅಲ್ಲಲ್ಲಿ ಬಿಳಿಯಾಗಿ ಅರಳಿದ ಹತ್ತಿ. ಅಡ್ಡದಾರಿ ಹಿಡಿದರೆ ಬೇಗ ತಲುಪಬಹುದು ಎಂಬ ನನ್ನ ಸಲಹೆಯಿಂದ ಕಾರು ಮಣ್ಣುರಸ್ತೆಯಲ್ಲಿ ಗಾಲಿಯ ಅರ್ಧದವರೆಗೆ ಹೂತಿತು. ಎರೆಮಣ್ಣು ಒದ್ದೆಯಾದಾಗ ಡಾಂಬರು ಬಿಟ್ಟು ಇಳಿಯಬಾರದೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಒಂದು ತಾಸಿನ ಬಳಿಕ ಟ್ರ್ಯಾಕ್ಟರ್ ತಂದ ರೈತರು ಸರಪಳಿ ಹಾಕಿ ಎಳೆದರು. ಹಣ ಕೊಡಹೋದರೆ, "ಚಂದ್ಲಾಂಬಾ ತಾಯಿ ದರ್ಶನಕ್ಕ ಹೊಂಟೀರಿ, ನಿಮ್ಮ ಕಡೆ ರೊಕ್ಕಾ ತಗೋಬೇಕೇನ್ರೀ" ಎಂದು ಕೈ ಮುಗಿದರು. ಕಲ್ಲು ನೋಡಲು ಹೊರಟವರು ಎಂದು ತಿದ್ದುವ ಮನಸ್ಸಾಗಲಿಲ್ಲ.

ತಿದ್ದದೇ ಇದ್ದದ್ದು ಒಳ್ಳೆಯದೇ ಆಯಿತು, ಏಕೆಂದರೆ ಸನ್ನತಿಯಲ್ಲಿ ಕಲ್ಲನ್ನೂ ತಾಯಿಯನ್ನೂ ಬೇರೆ ಮಾಡಲಾಗುವುದಿಲ್ಲ. ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು 1980ರ ದಶಕದಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲುಹಲಗೆಯ ಮೇಲೆ ಅಶೋಕನ ಶಾಸನ ಕಂಡಿತು. ಎಂದೋ ಯಾರೋ ದೇವಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದಾರೆ. ಹಲಗೆಯ ಒಂದು ಮುಖದಲ್ಲಿ ಅಶೋಕನ ಹದಿನಾಲ್ಕು ಬಂಡೆಶಾಸನಗಳ ಸಾಲಿನ 12 ಮತ್ತು 14ನೆಯವು ಇವೆ. ಕಳಿಂಗದ ಸಾವುನೋವನ್ನು ಹೇಳುವ 13ನೆಯದು ಕಾಣುವುದಿಲ್ಲ. ಇನ್ನೊಂದು ಮುಖದಲ್ಲಿ ಎರಡು ಪ್ರತ್ಯೇಕ ಶಾಸನಗಳು. ಇವು ಅದುವರೆಗೆ ಧೌಲಿ ಮತ್ತು ಜೌಗಡಗಳಲ್ಲಿ, ಅಂದರೆ ಯುದ್ಧದಲ್ಲಿ ಗೆದ್ದ ಕಳಿಂಗದಲ್ಲಿ ಮಾತ್ರ ಸಿಕ್ಕಿದ್ದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಗಡಿಯಾಚೆಯವರು ನನಗೆ ಹೆದರಬೇಕಿಲ್ಲ ಎಂದು ಅಧಿಕಾರಿಗಳಿಗೆ ಹೇಳುವ ಮಾತುಗಳವು. ಕಳಿಂಗದ ಗಾಯಕ್ಕೆ ಸವರಿದ ಮುಲಾಮನ್ನೇ ಭೀಮಾತೀರದಲ್ಲೂ ಏಕೆ ಸವರಬೇಕಾಯಿತು? ಮಸ್ಕಿಯ ಬಂಡೆ ಹೇಳದೆ ಬಿಟ್ಟದ್ದನ್ನು ಈ ಹಲಗೆ ತಾನಿರುವ ಜಾಗದಿಂದಲೇ ಸೂಚಿಸುತ್ತದೆಯೇನೋ ಎಂದು ನನಗೆ ಅನ್ನಿಸಿತು. ಗೆಳೆಯ, "ಊಹೆಗೆ ಊಹೆ ಎಂದೇ ಹೇಳು" ಎಂದ. ಊಹೆಯೇ ಸರಿ.

ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಹೊರಬಂದ ಸ್ತೂಪದ ಸುಣ್ಣಕಲ್ಲಿನ ಹಲಗೆಗಳನ್ನು ನೋಡಲು ಎರಡು ಗಂಟೆಯಾದರೂ ಬೇಕು. ರಾಣಿಯ ಜೊತೆ, ಕೊಡೆಯ ಕೆಳಗೆ ನಿಂತ ರಾಜನ ಶಿಲ್ಪ; ಅದರ ಮೇಲೆ 'ರಾಯ ಅಸೋಕ' ಎಂಬ ಬರಹ. ಇದನ್ನು ಕೆತ್ತಿದವರು ಮೌರ್ಯರಲ್ಲ, ಅವರು ಹೋಗಿ ತಲೆಮಾರುಗಳಾದ ಮೇಲೆ ಶಾತವಾಹನರ ಕಾಲದವರು. ಆ ರಾಜರೂ ಇಲ್ಲೇ ತಮ್ಮ ಹೆಸರುಗಳೊಂದಿಗೆ ನಿಂತಿದ್ದಾರೆ. ಒಂದು ಹಲಗೆಯಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಒಪ್ಪಿಸುತ್ತಿದ್ದಾನೆ ಎಂದು ಬರೆದಿದೆ. ಗೆದ್ದದ್ದನ್ನು ಕೆತ್ತಿಸುವುದು ಎಲ್ಲೆಡೆ ಕಾಣುತ್ತದೆ, ಕೊಟ್ಟದ್ದನ್ನು ಕೆತ್ತಿಸಿದ್ದು ಅಪರೂಪ. ಬಳ್ಳಾರಿ ಸೀಮೆಗೆ ಶಾತವಾಹನರ ಹೆಸರೇ ಅಂಟಿತ್ತು. ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಪಟದಲ್ಲಿ ಪಲ್ಲವ ಶಿವಸ್ಕಂದವರ್ಮ ದಾನ ಕೊಡುವಾಗಲೂ ಆ ನಾಡು 'ಸಾತಾಹನಿರಟ್ಠ'ವೇ. ಒಡೆಯ ಬದಲಾದ, ವಿಳಾಸ ಬದಲಾಗಲಿಲ್ಲ.

ಕದಂಬರ ಬನವಾಸಿ, ತಾಳಗುಂದಗಳಿಗೆ ಹೋಗಲು ದಿನಗಳು ಸಾಲಲಿಲ್ಲ. ಪಲ್ಲವರ ಕಂಚಿಯಲ್ಲಿ ಓದಲು ಹೋದ ಮಯೂರಶರ್ಮ ಜಗಳವಾಡಿ ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆಯನ್ನು ತಾಳಗುಂದದ ಕಂಬದೆದುರು ನಿಂತೇ ಓದಬೇಕೆಂದು ಬಹುಕಾಲದ ಆಸೆ. ಬಾದಾಮಿಯವರೆಗಿನ ಇನ್ನೂರು ಕಿಲೋಮೀಟರ್ ಮೀರಿದ ದಾರಿಯಲ್ಲಿ ತಾಳಿಕೋಟೆಯ ಬಳಿ ಕತ್ತಲಾಯಿತು. ಉಳಿದದ್ದು ನೆನಪಿಲ್ಲ, ನಾನು ನಿದ್ದೆ ಮಾಡಿದೆ.

ಐದನೆಯ ದಿನ: ಬಾದಾಮಿ, ಐಹೊಳೆ

ಬಾದಾಮಿಯ ಗುಹೆಗಳ ಮುಂದೆ ಬೆಳಿಗ್ಗೆಯೇ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿದ್ದವು. ಮಂಗಳೇಶ 578ರಲ್ಲಿ ಮಾಡಿಸಿದ ಮೂರನೆಯ ಗುಹೆಯನ್ನು ಕೋತಿಗಳಿಂದ ತಿಂಡಿಯ ಚೀಲ ಕಾಪಾಡಿಕೊಳ್ಳುತ್ತ ನೋಡಿ, ಕೆರೆಯ ಆಚೆ ದಂಡೆಗೆ ಹೋದೆವು. ಈ ಬಂಡೆಗಳ ಮೇಲೆ 543ರಲ್ಲಿ ಮೊದಲನೆಯ ಪುಲಕೇಶಿ, ವಾತಾಪಿಯನ್ನು ಕೋಟೆ ಮಾಡಿದೆ ಎಂದು ಬರೆಯಿಸಿದ. ನೂರು ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಂದು ಊರನ್ನು ಹಿಡಿದು, ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯಲ್ಲಿ ತನ್ನ ಗೆಲುವನ್ನು ಬರೆಯಿಸಿದ. ಅದನ್ನು ತೋರಿಸುವ ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ಬಟ್ಟೆ ಒಗೆದು ಹಿಂಡುತ್ತಿದ್ದ ತಾಯಿಯೊಬ್ಬರು, "ಆ ಗುಡಿ ಹಿಂದ ನೋಡ್ರಿ ತಮ್ಮಾ, ಅಕ್ಷರ ಸವದಾವು" ಎಂದು ದಾರಿ ಹೇಳಿದರು. ಸವೆದಿವೆ, ಒಡೆದೂ ಇವೆ.

ಚಾಲುಕ್ಯರು ಊರನ್ನು ಮರಳಿ ಪಡೆದರು, ಮುಂದೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನೇ ಗೆದ್ದ. ಗೆದ್ದವನು ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡು ದೇವರಿಗೇ ಬಿಟ್ಟುಕೊಟ್ಟೆನೆಂದು ಆ ಗುಡಿಯ ಕಂಬದಲ್ಲಿ ಕನ್ನಡದಲ್ಲಿ ಬರೆಯಿಸಿದ. ಆ ಗೆಲುವಿಗಾಗಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ನೋಡಿದರೆ ಸೋತ ಊರಿನ ಶಿಲ್ಪವೇ ಗೆದ್ದ ಊರಿಗೆ ಬಂದಂತಿದೆ. ಎಷ್ಟು ಬಾರಿ ನೋಡಿದರೂ ನನಗೆ ಈ ಜಗಳದಲ್ಲಿ ಯಾರು ಗೆದ್ದರೆಂದು ತೀರ್ಮಾನಿಸಲಾಗಿಲ್ಲ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಕೂರುವ ಹೆಂಗಸರಿಂದ ಜೋಳದ ರೊಟ್ಟಿ, ಗಟ್ಟಿ ಮೊಸರು, ಕೆಂಪು ಚಟ್ನಿ ಕೊಂಡು ಮರದ ಕೆಳಗೆ ತಿಂದು, ಪಟ್ಟದಕಲ್ಲಿನ ಮೂಲಕ ಐಹೊಳೆಗೆ ಬಂದಾಗ ಬಿಸಿಲು ಓರೆಯಾಗಿತ್ತು.

ಮೇಗುತಿಯ ಗುಡ್ಡ ಹತ್ತುವವರು ಕಡಿಮೆ. ಕೆಳಗಿನ ದುರ್ಗಗುಡಿಯಲ್ಲೇ ಎಲ್ಲರ ಸಮಯ ಮುಗಿದಿರುತ್ತದೆ. ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಪೂರ್ವ ಗೋಡೆಯಲ್ಲಿ ಕವಿ ರವಿಕೀರ್ತಿಯ 634ರ ಶಾಸನವಿದೆ. ಹರ್ಷನ ಹರ್ಷ ಇಳಿದುಹೋಯಿತು ಎಂಬ ಶ್ಲೇಷೆಯೂ, ಕಾಳಿದಾಸ ಭಾರವಿಯರಿಗೆ ತಾನು ಸಮ ಎಂಬ ಹೆಮ್ಮೆಯೂ ಅದರಲ್ಲಿವೆ. ನನಗೆ ಬೇಕಾಗಿದ್ದದ್ದು ಇಮ್ಮಡಿ ಪುಲಕೇಶಿಯ ತಂದೆ ಕೀರ್ತಿವರ್ಮನನ್ನು ಹೊಗಳುವ ಒಂದು ಪದಗುಚ್ಛ. ನಳ, ಮೌರ್ಯ, ಕದಂಬರ ಪಾಲಿಗೆ ಅವನು ಕಾಳರಾತ್ರಿ ಎನ್ನುತ್ತದೆ ಶಾಸನ. ಪಾಠಪುಸ್ತಕದಲ್ಲಿ ಕ್ರಿಸ್ತಪೂರ್ವದಲ್ಲೇ ಮುಗಿದುಹೋಗಿದ್ದ ಮೌರ್ಯರು ಆರನೆಯ ಶತಮಾನದಲ್ಲಿ ಕೊಂಕಣದ ಸಣ್ಣ ಅರಸರಾಗಿ, ಸೋಲುವುದಕ್ಕಾದರೂ, ಇನ್ನೂ ಇದ್ದರು.

ಗುಡಿಯ ಹಿಂದೆ ಬಯಲಿನಲ್ಲಿ ನಡೆದರೆ ಹುಲ್ಲಿನ ನಡುವೆ ಕಲ್ಲುಚಪ್ಪಡಿಗಳು. ಹಿರೇಬೆಣಕಲ್ಲಿನ ಗೋರಿಮನೆಗಳಂಥವೇ, ಆದರೆ ಗಿಡ್ಡ, ಕೆಲವು ಕುಸಿದು ಬಿದ್ದವು. ರವಿಕೀರ್ತಿ ಜಿನಾಲಯ ಕಟ್ಟಿಸಲು ಈ ಗುಡ್ಡ ಹತ್ತಿ ಬಂದಾಗ ಇವು ಆಗಲೇ ಹಳೆಯವಾಗಿ ನಿಂತಿದ್ದವು. ಅವನು ಇವನ್ನು ಕೀಳಿಸಲಿಲ್ಲ, ಶಾಸನದಲ್ಲಿ ಹೆಸರಿಸಲೂ ಇಲ್ಲ. ಆಡು ಅಟ್ಟಿಕೊಂಡು ಬಂದ ಒಬ್ಬ ಹುಡುಗಿ ನನ್ನ ಬೂಟಿನ ಹಗ್ಗವನ್ನೇ ನೋಡುತ್ತಿದ್ದಳು. ಇವನ್ನು ಏನೆನ್ನುತ್ತೀರಿ ತಂಗಿ ಎಂದೆ.

"ಮೋರೇರ ತಟ್ಟಿ ಅಂತಾರ್ರಿ" ಎಂದಳು.

ಗೆಳೆಯ ಗೋಡೆಯ ಕಡೆ ನೋಡಿದ, ನಾನು ಚಪ್ಪಡಿಗಳ ಕಡೆ. ಆ ಮೌರ್ಯರಿಗೂ ಈ ಮೋರೇರಿಗೂ ಸಂಬಂಧ ಹಚ್ಚುವವರಿದ್ದಾರೆ. ಶಬ್ದ ಹೋಲುತ್ತದೆ ಎಂಬುದು ಸಾಕ್ಷಿಯಲ್ಲ ಎಂದು ಅವನು ಹೇಳುವ ಮೊದಲೇ ನಾನೇ ಹೇಳಿದೆ. ಮೋರೇರು ಯಾರು, ಎಲ್ಲಿಗೆ ಹೋದರು ಎಂದು ಹುಡುಗಿಯನ್ನು ಕೇಳಿದಾಗ, "ಗೊತ್ತಿಲ್ರಿ, ಮೊದಲಿಂದ ಇಲ್ಲೇ ಅದಾರ" ಎಂದವಳೇ ಒಂದು ಚಪ್ಪಡಿಯ ಮೇಲೆ ಹಾರಿ ನಿಂತಿದ್ದ ಆಡನ್ನು ಇಳಿಸಲು ಓಡಿದಳು.